ರೋಗಿಯ ಟಿ ಕೋಶಕ್ಕೆ ಗಂಟಲ ಗೆಡ್ಡೆಯ ಗುರುತು ಸಿಕ್ಕರೆ ಸಾಕೇ?

ಕ್ಯಾನ್ಸರ್ ಕೋಶ ನಮ್ಮದೇ ಮೈಯದು. ಹೊರಗಿನ ರೋಗಾಣುವನ್ನು ಹುಡುಕಿ ಕೊಲ್ಲುವ ಟಿ ಕೋಶಗಳು ಅದರೆದುರು ತಡವರಿಸುವುದು ಬಹುಮಟ್ಟಿಗೆ ಈ ಕಾರಣಕ್ಕೇ. ಆದರೆ ತಲೆ-ಕುತ್ತಿಗೆಯ ಕೆಲವು ಕ್ಯಾನ್ಸರ್‌ಗಳ ಹಿಂದೆ ವೈರಾಣು ಇರುತ್ತದೆ: ಮೂಗಿನ ಹಿಂಬದಿಯ ಗಂಟಲಲ್ಲಿ ಎಪ್‌ಸ್ಟೈನ್-ಬಾರ್, ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಎಚ್‌ಪಿವಿ-16. ಅಂಥ ಗೆಡ್ಡೆಯ ಕೋಶ ವೈರಾಣುವಿನ ಪ್ರೋಟೀನಿನ ತುಣುಕನ್ನು ಮೈಮೇಲೆ ಹೊತ್ತಿರುತ್ತದೆ. ರೋಗಿಯ ರಕ್ತದಿಂದ ಟಿ ಕೋಶ ತೆಗೆದು, ಆ ತುಣುಕನ್ನು ಗುರುತಿಸುವಂಥವನ್ನು ಲ್ಯಾಬಿನಲ್ಲಿ ಬೆಳೆಸಿ ಮರಳಿ ಕೊಡುವ ಚಿಕಿತ್ಸೆಗೆ ಇಷ್ಟು ನಿಚ್ಚಳವಾದ ಗುರಿ ಸಿಗುವುದು ಅಪರೂಪ.

ಗುರಿ ನಿಚ್ಚಳವಾಗಿದ್ದರೂ ಸಾಲದು ಎಂಬುದನ್ನು ಸಿಂಗಪುರದ ಅನುಭವ ತೋರಿಸಿತು. ಮೂಗಿನ ಹಿಂಬದಿಯ ಗಂಟಲ ಕ್ಯಾನ್ಸರಿನ 35 ರೋಗಿಗಳಿಗೆ ಕೀಮೋ ಕೊಟ್ಟು, ಬಳಿಕ ಅವರದೇ ಕೋಶ ಕೊಟ್ಟಾಗ ಫಲ ಆಸೆ ಹುಟ್ಟಿಸುವಂತಿತ್ತು. ಆಮೇಲೆ ಐದು ದೇಶಗಳ 330 ರೋಗಿಗಳಲ್ಲಿ ಪರೀಕ್ಷಿಸಿದರು. ಕೀಮೋ ಮಾತ್ರ ಪಡೆದವರ ಬದುಕಿನ ಮಧ್ಯಮ ಅವಧಿ 24.9 ತಿಂಗಳು, ಕೋಶವನ್ನೂ ಪಡೆದವರದು 25. ಹಾಗಾದರೆ ಈ ದಾರಿಯೇ ತಪ್ಪೇ? ನಾನು ಒಪ್ಪುವುದಿಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಎಚ್‌ಪಿವಿಯ ಇ7 ಪ್ರೋಟೀನನ್ನು ಬಿಗಿಯಾಗಿ ಹಿಡಿಯುವ ಗ್ರಾಹಕದ ಜೀನನ್ನೇ ರೋಗಿಯ ಟಿ ಕೋಶಕ್ಕೆ ಸೇರಿಸಿತು. ಮೈಯಲ್ಲಿದ್ದ ಹಳೆಯ ಬಿಳಿರಕ್ತಕಣಗಳನ್ನು ಮೊದಲೇ ತಗ್ಗಿಸಿ ಹೊಸವಕ್ಕೆ ಜಾಗ ಮಾಡಿಕೊಟ್ಟಿತು. 12 ರೋಗಿಗಳಲ್ಲಿ 6 ಮಂದಿಯ ಗೆಡ್ಡೆಗಳು ಕುಗ್ಗಿದವು. ಸಂಖ್ಯೆ ಸಣ್ಣದು, ಕ್ಯಾನ್ಸರೂ ಬೇರೆ. ಎರಡನ್ನೂ ನೇರವಾಗಿ ತೂಗಲಾಗದು ನಿಜ. ಆದರೂ ಕೋಶದ ಹಿಡಿತ ಮತ್ತು ಅದು ಬೇರೂರಲು ಸಿಗುವ ಅವಕಾಶ, ಇವೆರಡೇ ನಿರ್ಣಾಯಕ ಎಂದು ನನಗನ್ನಿಸುತ್ತದೆ. ಈ ಚಿಕಿತ್ಸೆಗೆ ಬಗ್ಗದ ಕೆಲವು ಗೆಡ್ಡೆಗಳಲ್ಲಿ ವೈರಾಣುವಿನ ತುಣುಕನ್ನು ಹೊರಗೆ ತೋರಿಸುವ ವ್ಯವಸ್ಥೆಯೇ ಕೆಟ್ಟಿದ್ದುದೂ ಅಮೆರಿಕದ ಇದೇ ಅಧ್ಯಯನದಲ್ಲಿ ಕಂಡಿತು.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಾಯಿ ಕ್ಯಾನ್ಸರಿನ ಕಥೆ ಬೇರೆ. ಅದರ ಮೂಲ ತಂಬಾಕು ಮತ್ತು ಅಡಿಕೆ. ವೈರಾಣುವಿನ ಗುರುತು ಸಾಮಾನ್ಯವಾಗಿ ಇರುವುದಿಲ್ಲ, ಜೀನುಗಳಲ್ಲಿನ ಏರುಪೇರು ಒಬ್ಬೊಬ್ಬರಲ್ಲಿ ಒಂದೊಂದು ತೆರ. ಗೆಡ್ಡೆಯೊಳಗೆ ಆಗಲೇ ನುಗ್ಗಿರುವ ಟಿ ಕೋಶಗಳನ್ನು ಹೊರತೆಗೆದು ಬೆಳೆಸುವುದು ಇಲ್ಲಿಗೆ ಹೆಚ್ಚು ಹೊಂದುವ ಮಾರ್ಗ. ಅಮೆರಿಕದಲ್ಲಿ 2024ರಲ್ಲಿ ಇದಕ್ಕೆ ಮಂಜೂರಾತಿ ಸಿಕ್ಕಿದ್ದು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ. ಇಂಥ ಚಿಕಿತ್ಸೆ ತೀರಾ ದುಬಾರಿ ಎಂಬ ಆಕ್ಷೇಪಕ್ಕೆ ಬಾಂಬೆ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದ ಟಿ ಕೋಶ ಚಿಕಿತ್ಸೆ ನೆಕ್ಸ್‌ಕಾರ್19 ಅರ್ಧ ಉತ್ತರವಷ್ಟೇ. 2023ರಲ್ಲಿ ಮಂಜೂರಾದ ಅದರ ದರ ಹೊರದೇಶದ ಸುಮಾರು ಹತ್ತನೇ ಒಂದು ಪಾಲು, ಆದರೆ ಅದು ರಕ್ತದ ಕ್ಯಾನ್ಸರಿನದು. ಅಲ್ಲಿ ಗುರಿ ಎಲ್ಲ ರೋಗಿಗಳಲ್ಲೂ ಒಂದೇ, ಬಾಯಿ ಕ್ಯಾನ್ಸರಿನಲ್ಲಿ ಹಾಗಲ್ಲ. ಹಾಗಾಗಿ ಕೋಶ ಬೆಳೆಸುವ ಸಂಶೋಧನೆ ಸಾಗುತ್ತಿರುವಾಗಲೇ, ಇರುವ ಟಿ ಕೋಶಗಳ ತಡೆ ಸಡಿಲಿಸುವ ನಿವೊಲುಮ್ಯಾಬ್ ಎಂಬ ಔಷಧ ಬಡ ರೋಗಿಗೂ ತಲುಪಬೇಕು. ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿನ ಗುಣವಾಗದ ಹಂತದ ರೋಗಿಗಳಿಗೆ ಕೀಮೋ ಮಾತ್ರೆಗಳ ಜೊತೆ ಅದನ್ನು ಬರೀ 20 ಮಿಲಿಗ್ರಾಂ ಕೊಟ್ಟಾಗ, ವರ್ಷ ದಾಟಿ ಬದುಕಿದವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿತು.