ಕಳಚಿದ ಮನೆಯ ಹೆಂಚು

ಹಳೆಯ ಹೆಂಚು ಕೊಳ್ಳುವವರಿಗೆ ಕಣ್ಣಿಗಿಂತ ಕಿವಿ ಮುಖ್ಯ. ಹೆಂಚಿನ ಒಂದು ತುದಿಯನ್ನು ಬೆರಳಲ್ಲಿ ಹಿಡಿದು ಇಳಿಬಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ನಡುವೆ ಒಮ್ಮೆ ತಟ್ಟುತ್ತಾರೆ. ‘ಖಣ್’ ಎಂದರೆ ಒಂದು ಸಾಲಿಗೆ, ಒಡಕು ಸದ್ದು ಬಂದರೆ ಇನ್ನೊಂದು ಸಾಲಿಗೆ. ಕಣ್ಣಿಗೆ ಕಾಣದ ಎಳೆಬಿರುಕು ಕಿವಿಗೆ ಸಿಕ್ಕಿಬೀಳುತ್ತದೆ. ಆಗಲೂ ಅನುಮಾನ ಉಳಿದರೆ ನೀರು ಚಿಮುಕಿಸುತ್ತಾರೆ. ಹೆಂಚೆಲ್ಲ ಒಣಗಿದ ಮೇಲೂ ಬಿರುಕಿದ್ದ ಕಡೆ ಒದ್ದೆಯ ಗೆರೆಯೊಂದು ಸ್ವಲ್ಪ ಹೊತ್ತು ಉಳಿದಿರುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ‘ಸೆಕೆಂಡ್ಸಲ್ಲಿ ತಗೊಂಡೆ’ ಎನ್ನುವುದಕ್ಕೆ ಯಾರೂ ದನಿ ತಗ್ಗಿಸುವುದಿಲ್ಲ. ಬೈಕು, ಬೀರು, ಮಂಚ, ಮೋಟಾರು, ಟೊಮೆಟೊ ಕ್ರೇಟು, ಹೀಗೆ ಈ ಜಿಲ್ಲೆಯಲ್ಲಿ ಎರಡನೇ ಕೈಗೆ ದಾಟದ ಸಾಮಾನು ಕಡಿಮೆ. ಮಳೆ ನಂಬಿಕೊಂಡವರ ನೆಲ ಇದು. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಕೈಯಲ್ಲಿ ದುಡ್ಡು ಆಡುವುದು ಬೆಳೆ ಬಂದಾಗ ಮಾತ್ರ, ಅದೂ ಬೆಲೆ ಇದ್ದರೆ. ಅಂಥ ಕಡೆ ಒಂದು ವಸ್ತುವನ್ನು ಅದರ ಆಯುಸ್ಸು ಮುಗಿಯುವ ತನಕ ದುಡಿಸಿಕೊಳ್ಳುವುದು ಬದುಕಿನ ರೀತಿಯೇ ಆಗಿಬಿಟ್ಟಿದೆ. ಇವುಗಳಲ್ಲೆಲ್ಲ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಹೆಂಚು.

ಮಾಲೂರು ಎಂದರೆ ಹೆಂಚು, ಇಟ್ಟಿಗೆ. ಯಂತ್ರದ ಅಚ್ಚಿನಲ್ಲಿ ಒತ್ತುವ ಕೆಂಪು ಹೆಂಚಿನ ಕಥೆ ಶುರುವಾಗುವುದು ಕರಾವಳಿಯಲ್ಲಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ‘ಮಂಗಳೂರು ಹೆಂಚು’ ಎಂಬ ಹೆಸರೇ ನಿಂತಿತು. ಅದೇ ಮಾದರಿ ಮುಂದೆ ಘಟ್ಟ ಹತ್ತಿ ಬಯಲುಸೀಮೆಗೂ ಬಂತು. ಮಾಲೂರಿನ ಕೆರೆಗಳಲ್ಲಿ ಜೇಡಿ ಇತ್ತು, 1864ರಲ್ಲೇ ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ಹಾಕಿದ ರೈಲುಹಳಿ ಊರ ಪಕ್ಕದಲ್ಲೇ ಹಾಯುತ್ತಿತ್ತು, ದಿನದಿನಕ್ಕೆ ಬೆಳೆಯುವ ಬೆಂಗಳೂರು ಹತ್ತಿರವಿತ್ತು. ಜೇಡಿಯನ್ನು ನೆನೆಹಾಕಿ, ಗಿರಣಿಯಲ್ಲಿ ಹದಮಾಡಿ, ಅಚ್ಚಿಗೆ ಹಾಕಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುತ್ತಾರೆ. ಕೆಲಸ ಇಷ್ಟೇ ಎನ್ನಿಸುತ್ತದೆ, ಆದರೆ ಒಣಗುವಾಗ ಬಿಸಿಲು ಬಿದ್ದರೆ ಸೊಟ್ಟಗಾಗುತ್ತದೆ, ಗೂಡಿನಲ್ಲಿ ಕಾವು ಸಾಲದಿದ್ದರೆ ಮಳೆಗೆ ನೀರು ಕುಡಿಯುತ್ತದೆ. ಚೆನ್ನಾಗಿ ಬೆಂದ ಹೆಂಚು ಮಾತ್ರ ಮೂರು ತಲೆಮಾರಿನ ಬಿಸಿಲುಮಳೆ ಕಂಡ ಮೇಲೂ ‘ಖಣ್’ ಎನ್ನುತ್ತದೆ.

ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಲು ಹೊರಟವರ ಮನೆ ಮುಂದೆ ಈ ವ್ಯಾಪಾರ ಹುಟ್ಟುತ್ತದೆ. ಹೆಂಚು ಇಳಿಸುವುದಕ್ಕೂ ಒಂದು ಕ್ರಮವಿದೆ. ಮಾಡಿನ ನೆತ್ತಿಯಿಂದ ಕೆಳಗೆ ಬರಬೇಕು, ಏಕೆಂದರೆ ಮೇಲಿನ ಸಾಲು ಕೆಳಗಿನದರ ಮೇಲೆ ಕೂತಿರುತ್ತದೆ. ನೆತ್ತಿಯ ಹೆಂಚನ್ನು ಹಿಂದೆ ಸುಣ್ಣದ ಗಾರೆಯಲ್ಲಿ ಕೂರಿಸಿದ್ದರೆ ನಾಲ್ಕು ಏಟಿಗೆ ಬಿಟ್ಟುಕೊಡುತ್ತದೆ. ನಡುವೆ ಯಾರೋ ಸೋರುತ್ತದೆಂದು ಸಿಮೆಂಟು ಮೆತ್ತಿದ್ದರೆ ಅದು ಹೆಂಚನ್ನೂ ಒಡೆದುಕೊಂಡೇ ಬರುತ್ತದೆ. ಮೇಲೆ ಇಬ್ಬರು, ಏಣಿಯ ಮೇಲೊಬ್ಬರು, ನೆಲದಲ್ಲಿ ಇಬ್ಬರು ನಿಂತು ಕೈಯಿಂದ ಕೈಗೆ ದಾಟಿಸುತ್ತಾರೆ. ಎಸೆದು ಹಿಡಿಯುವ ಚಾಲಾಕಿನವರೂ ಇದ್ದಾರೆ. ಆದರೆ ತಪ್ಪಿದರೆ ಒಡೆಯುವುದು ಬರೀ ಹೆಂಚಲ್ಲ, ಕಾಲೂ ಹೌದು, ಅದಕ್ಕೇ ಹಿರಿಯರು ಬೈಯುತ್ತಾರೆ. ಒಂದೊಂದೂ ಎರಡೂವರೆ ಕಿಲೊ ಸುಮಾರಿಗೆ ತೂಗುತ್ತದೆ. ಪೇರಿಸುವಾಗ ಮಲಗಿಸುವಂತಿಲ್ಲ, ಪುಸ್ತಕ ಜೋಡಿಸಿದಂತೆ ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿಸಿದರೆ ಅಡಿಯವು ಭಾರಕ್ಕೆ ಸೀಳುತ್ತವೆ.

ಕೊಳ್ಳುವವರು ಬಂದು ಕೂತಾಗ ಮಾತು ಸಾಮಾನ್ಯವಾಗಿ ಹೀಗೇ ನಡೆಯುತ್ತದೆ. ‘ಏನಣ್ಣಾ, ಪಾಚಿ ಹಿಡಿದಿದೆಯಲ್ಲ’ ಎಂದು ಇವರು. ‘ಪಾಚಿ ಉಜ್ಜಿದರೆ ಹೋಗುತ್ತೆ ಯಜಮಾನ್ರೇ, ಸದ್ದು ಕೇಳಿ’ ಎಂದು ಅವರು. ಪಾಚಿಯ ವಿಷಯದಲ್ಲಿ ಮಾರುವವರದೇ ಸರಿ. ನೆನೆಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದರೆ ಕೆಂಪು ಮತ್ತೆ ಬರುತ್ತದೆ. ನಿಜವಾಗಿ ನೋಡಬೇಕಾದದ್ದು ಹಿಂಬದಿಯನ್ನು. ಅಲ್ಲಿ ರೀಪರ್ ಪಟ್ಟಿಗೆ ಸಿಕ್ಕಿಕೊಳ್ಳುವ ಪುಟ್ಟ ಉಬ್ಬು ಇರುತ್ತದೆ. ಅದು ಮುರಿದಿದ್ದರೆ ಹೆಂಚು ಇಳಿಜಾರಿನಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಅಂಚಿನ ಕಾಲುವೆ ಚಕ್ಕೆ ಎದ್ದಿದ್ದರೆ ಪಕ್ಕದ್ದರ ಜೊತೆ ಕೂಡುವುದಿಲ್ಲ, ಸೋರುತ್ತದೆ. ನೂರು ಚದರಡಿಗೆ ಸಾಗಾಣಿಕೆಯಲ್ಲಿ ಒಡೆಯುವುದನ್ನೂ ಸೇರಿಸಿ ಹತ್ತಿರಹತ್ತಿರ 150 ಹೆಂಚು ಲೆಕ್ಕ. ಅಡುಗೆಮನೆ ಮೇಲಿದ್ದವು ಹೊಗೆ ಹಿಡಿದು ಕಪ್ಪಾಗಿರುತ್ತವೆ. ಅವನ್ನು ಬೇರೆ ಇಡಿಸಿಕೊಂಡು ಕೊಟ್ಟಿಗೆಗೆ ಹಾಕುತ್ತಾರೆ, ಬಾಳಿಕೆಗೇನೂ ಕಡಿಮೆಯಿಲ್ಲ.

ಕೊಟ್ಟಿಗೆ, ಬಚ್ಚಲು, ಹಿತ್ತಲ ಮಾಡುಗಳ ಜೊತೆಗೆ ರೇಷ್ಮೆಹುಳು ಸಾಕುವ ಮನೆಗಳಿಗೂ ಹಳೆಯ ಹೆಂಚು ಹೋಗುತ್ತದೆ. ಹುಳುವಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಕಾವು ಹಿತ. ತಗಡಿನ ಶೀಟಿನ ಅಡಿಯಲ್ಲಿ ಏಪ್ರಿಲ್ ಬಿಸಿಲಿಗೆ ಆ ಹದ ಕಾಯುವುದು ಕಷ್ಟ, ಹೆಂಚಿನಡಿ ಅಷ್ಟು ಕಷ್ಟವಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೂ ಇಲ್ಲಿ ಕೈಯಿಂದ ಕೈಗೆ ಓಡಾಡುವ ಸಾಮಾನೇ. ಕೊಳ್ಳಲಾಗದವರು ಬಾಡಿಗೆಗೆ ತರುತ್ತಾರೆ. ಆದರೆ ಇದರಲ್ಲಿ ಅಗ್ಗದ ಆಸೆಗೆ ಬೀಳಬಾರದು. ಹಾಲುತೊಂಡೆಯೋ ಸುಣ್ಣಕಟ್ಟು ರೋಗವೋ ಬಂದ ಮನೆಯ ಚಂದ್ರಿಕೆಯನ್ನು ಬ್ಲೀಚಿಂಗ್ ಪೌಡರ್ ದ್ರಾವಣದಲ್ಲಿ ತೊಳೆದು ಬಿಸಿಲಿಗೆ ಹಾಕದೆ ತಂದರೆ ರೋಗವೂ ಜೊತೆಗೆ ಬರುತ್ತದೆ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೊ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಅದೇ ಬಾಕ್ಸು 2,000 ರೂಪಾಯಿ ದಾಟಿತ್ತು. ಬೇರೆ ದಿನಗಳಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದದ್ದೂ ಉಂಟು. ಹೀಗೆ ಏರಿಳಿಯುವ ಬೆಳೆಗೆ ಹೊಸ ಕ್ರೇಟು, ಹೊಸ ಕಡ್ಡಿ, ಹೊಸ ಡ್ರಿಪ್ ಪೈಪು ಎಂದು ಬಂಡವಾಳ ಸುರಿಯಲು ಎಷ್ಟು ಜನರಿಗೆ ಸಾಧ್ಯ? ಗಿಡಕ್ಕೆ ಊರೆ ಕೊಡುವ ನೀಲಗಿರಿ ಕಡ್ಡಿ ಒಂದು ತೋಟ ಮುಗಿಸಿ ಪಕ್ಕದ ತೋಟಕ್ಕೆ ಹೋಗುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂತೆಂದರೆ ಕ್ರೇಟುಗಳಿಗೆ ಕೈಕೈ ಬದಲಾವಣೆ. ಮುಳಬಾಗಿಲಿನ ಹೆದ್ದಾರಿ ಬದಿಯಲ್ಲಿ ಲಾರಿಗಳಿಂದ ಇಳಿದ ಟಾರ್ಪಾಲು ಕಣಕ್ಕೂ ಹುಲ್ಲಿನ ಬಣವೆಗೂ ಆಗುತ್ತದೆ.

ಎಲ್ಲಕ್ಕಿಂತ ಮನಸ್ಸು ಕಲಕುವುದು ಬೋರ್‌ವೆಲ್ ಮೋಟಾರಿನ ವ್ಯಾಪಾರ. ಸಾವಿರದ ಐನೂರು ಅಡಿ ಕೊರೆಸಿದ ಬೋರು ಬತ್ತಿದರೆ ಒಬ್ಬ ರೈತ ಮೋಟಾರು, ಪೈಪು, ಕೇಬಲ್ ಎತ್ತಿ ಮಾರುತ್ತಾನೆ. ಅದನ್ನು ಕೊಳ್ಳುವವನು ಈಗಷ್ಟೇ ನೀರು ಕಂಡ ಇನ್ನೊಬ್ಬ ರೈತ. ಒಬ್ಬರ ನಷ್ಟವೇ ಇನ್ನೊಬ್ಬರ ಉಳಿತಾಯ. ರಿವೈಂಡಿಂಗ್ ಅಂಗಡಿಯಲ್ಲಿ ಷಾಫ್ಟನ್ನು ಕೈಯಲ್ಲಿ ತಿರುಗಿಸಿ, ಸೀರೀಸ್ ಬಲ್ಬು ಹಚ್ಚಿ, ಸುರುಳಿ ಸುಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಸುಟ್ಟಿದ್ದರೆ ಹಳೆಯ ತಂತಿ ಕಿತ್ತು ಹೊಸ ತಾಮ್ರ ಸುತ್ತುತ್ತಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರು ಶುದ್ಧೀಕರಣವಾಗಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಈ ಜಿಲ್ಲೆಗೆ ನೀರೂ ಎರಡನೇ ಕೈಯದೇ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಇಲ್ಲಿನ ಜನ ಕೇಳುತ್ತಿರುವುದು ನ್ಯಾಯವೇ. ಹಳೆಯ ಹೆಂಚನ್ನೇ ತಟ್ಟಿ ನೋಡಿ ಕೊಳ್ಳುವ ಜನ ಕೆರೆಗೆ ಬಿಡುವ ನೀರನ್ನು ಪರೀಕ್ಷಿಸಿ ಬಿಡಿ ಎನ್ನದೆ ಇರುತ್ತಾರೆಯೇ?

ಹೊಸ ಬಗೆಯ ಗಿರಾಕಿಗಳೂ ಬಂದಿದ್ದಾರೆ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಶುರುವಾಯಿತು. ಆಮೇಲೆ ಅಲ್ಲೂ ಮಾಲೂರಿನ ಕೈಗಾರಿಕಾ ಪ್ರದೇಶದಲ್ಲೂ ಬೇರೆ ಊರು, ಬೇರೆ ರಾಜ್ಯಗಳ ಹುಡುಗ ಹುಡುಗಿಯರು ರೂಮು ಮಾಡಿಕೊಂಡು ಇರುವುದು ಹೆಚ್ಚಿದೆ. ವರ್ಷವೋ ಎರಡು ವರ್ಷವೋ ಇದ್ದು ಹೋಗುವವರಿಗೆ ಹೊಸ ಮಂಚ, ಹೊಸ ಕೂಲರ್ ಯಾಕೆ? ರೂಮು ಬಿಡುವವರ ಸಾಮಾನು ವಾಟ್ಸಾಪ್ ಗುಂಪಿನ ಮೂಲಕ ಹೊಸದಾಗಿ ಬರುವವರ ಪಾಲಾಗುತ್ತದೆ. ಅವರಿಗೆ ಒಂದು ಮಾತು: ಗ್ಯಾಸ್ ಒಲೆ ಹಳೆಯದು ತನ್ನಿ, ಟ್ಯೂಬ್ ಮಾತ್ರ ಹೊಸದೇ ಹಾಕಿಸಿ. ಕುಕ್ಕರ್ ತಂದರೆ ಗ್ಯಾಸ್ಕೆಟ್ಟೂ ಸೇಫ್ಟಿ ವಾಲ್ವೂ ಬದಲಾಯಿಸಿ. ಹೆಲ್ಮೆಟ್ ಮಾತ್ರ ಸೆಕೆಂಡ್ಸಲ್ಲಿ ಬೇಡವೇ ಬೇಡ, ಒಳಗೆ ತಿಂದ ಪೆಟ್ಟು ಹೊರಗೆ ಕಾಣುವುದಿಲ್ಲ.

2023ರ ಮೇ ತಿಂಗಳಲ್ಲಿ ಸ್ವಚ್ಛ ಭಾರತ ಅಭಿಯಾನದ ಅಡಿ ದೇಶದ ನಗರಗಳಲ್ಲಿ ‘ರೆಡ್ಯೂಸ್, ರಿಯೂಸ್, ರೀಸೈಕಲ್’ ಎಂಬ ಆರ್‌ಆರ್‌ಆರ್ ಕೇಂದ್ರಗಳು ತೆರೆದವು. ಜನ ಹಳೆಯ ಬಟ್ಟೆ, ಪುಸ್ತಕ, ಆಟಿಕೆ ತಂದಿಡುವುದು, ಬೇಕಾದವರು ಒಯ್ಯುವುದು. ಒಳ್ಳೆಯದೇ. ಆದರೆ ಮನೆ ಕೆಡವಿದಾಗ ಸಿಗುವ ಬಾಗಿಲು, ಕಿಟಕಿ, ತೊಲೆ, ಹೆಂಚಿಗೆ ಅಂಥ ಜಾಗ ಬೇಕೆಂದು ನನಗೆ ಇನ್ನೂ ಹೆಚ್ಚು ಅನ್ನಿಸುತ್ತದೆ. ಪುರಸಭೆ ಒಂದು ಖಾಲಿ ಜಾಗ ಕೊಟ್ಟು, ಮೇಲೊಂದು ಶೀಟು ಹಾಕಿಸಿದರೆ ಸಾಕು. ಮನೆ ಕಟ್ಟುವವರಿಗೆ ಹಣ ಉಳಿಯುತ್ತದೆ, ಅವಶೇಷ ಕೆರೆಯಂಗಳಕ್ಕೆ ಬೀಳುವುದು ತಪ್ಪುತ್ತದೆ. ಈಗ ಜೆಸಿಬಿ ಕರೆಸಿದರೆ ಒಂದು ಬೆಳಗ್ಗೆಗೆ ಮನೆ ನೆಲಸಮ. ಕೈಯಲ್ಲಿ ಬಿಚ್ಚಿಸಿದರೆ ನಾಲ್ಕು ದಿನದ ಕೂಲಿ ಬೇಕು. ಆ ಕೂಲಿ ಹೆಚ್ಚೆನ್ನಿಸಿ ಎಷ್ಟೋ ಒಳ್ಳೆಯ ಹೆಂಚು ಮಣ್ಣಿನ ಜೊತೆ ಟ್ರ್ಯಾಕ್ಟರ್ ಹತ್ತುತ್ತಿದೆ.

ತಾರಸಿಗೆ ಜನ ಒಲಿದ ಮೇಲೆ ಮಾಲೂರಿನ ಹೆಂಚಿನ ಕೆಲಸ ಕುಗ್ಗಿದೆ. ಹಿಂದೆ ಪ್ರತಿ ಕಾರ್ಖಾನೆಯೂ ತನ್ನ ಹೆಸರನ್ನು ಅಚ್ಚಿನಲ್ಲೇ ಕೊರೆಸಿ ಹೆಂಚಿನ ಬೆನ್ನ ಮೇಲೆ ಮೂಡಿಸುತ್ತಿತ್ತು. ಒಂದು ಅಚ್ಚಿನ ಹೆಂಚು ಇನ್ನೊಂದು ಅಚ್ಚಿನದರ ಜೊತೆ ಸರಿಯಾಗಿ ಕೂಡುವುದಿಲ್ಲ, ಒಂದು ಕೂದಲಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಕಾರ್ಖಾನೆ ಮುಚ್ಚಿ ಅಚ್ಚು ಗುಜರಿಗೆ ಹೋದ ಮೇಲೆ ಆ ಹೆಸರಿನ ಹೆಂಚು ಹೊಸದಾಗಿ ಸಿಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹತ್ತು ಹೆಂಚು ಬದಲಿಸಬೇಕಾದವರು ಒಡೆದದ್ದೊಂದನ್ನು ಚೀಲದಲ್ಲಿ ಹಾಕಿಕೊಂಡು, ಅದೇ ಹೆಸರಿನ ಮಾಡು ಎಲ್ಲಿ ಇಳಿಯುತ್ತಿದೆ ಎಂದು ಊರೂರು ಕೇಳಿಕೊಂಡು ಹೋಗುತ್ತಾರೆ. ಈ ಸಲ ಶ್ರೀನಿವಾಸಪುರದ ಕಡೆ ಸಿಕ್ಕೀತು, ಮುಂದಿನ ಸಲಕ್ಕೆ ಅಲ್ಲೂ ತಾರಸಿಯೇ ಆಗಿರುತ್ತದೆ.