ಬಾಲ ಕರಗುವ ವಾರ

ಗೊದಮೊಟ್ಟೆ ಸಾಕುವುದು ಅಂಥ ಕಷ್ಟದ ಕೆಲಸವೇನಲ್ಲ. ನೀರು ಕೊಳೆಯದಂತೆ ನೋಡಿಕೊಂಡು ದಿನಕ್ಕೊಂದು ಚಿಟಿಕೆ ಆಹಾರ ಹಾಕಿದರೆ ಅದು ತನ್ನ ಪಾಡಿಗೆ ದಪ್ಪಗಾಗುತ್ತದೆ. ಕಷ್ಟ ಶುರುವಾಗುವುದು ಮುಂಗಾಲು ಹೊರಬಂದು ಬಾಲ ಕರಗುವ ಆ ಒಂದು ವಾರದಲ್ಲಿ. ನಿನ್ನೆಯವರೆಗೂ ಚುರುಕಾಗಿ ಈಜುತ್ತಿದ್ದ ಮರಿ ಬೆಳಗಾಗುವಷ್ಟರಲ್ಲಿ ಅದೇ ನೀರಿನಲ್ಲಿ ಮುಳುಗಿ ಸತ್ತಿರುತ್ತದೆ. ಇಲ್ಲವೇ ಕಡ್ಡಿಯಂಥ ಕೈ ಊರಲಾಗದೆ ಮೂತಿ ನೆಲಕ್ಕೆ ಹಚ್ಚಿ ಬಿದ್ದಿರುತ್ತದೆ. ಆಗ ಮಾಡಬಹುದಾದದ್ದು ಬಹಳ ಕಡಿಮೆ. ಮಾಡಬೇಕಾದದ್ದನ್ನೆಲ್ಲ ತಿಂಗಳ ಹಿಂದೆಯೇ ಮಾಡಿರಬೇಕು.

ಯುರೋಪು, ಅಮೆರಿಕಗಳ ಹವ್ಯಾಸಿಗಳು ಹೆಚ್ಚಾಗಿ ಸಾಕುವ ಡೆಂಡ್ರೊಬೇಟಿಸ್ ಟಿಂಕ್ಟೋರಿಯಸ್ ಎಂಬ ವಿಷಬಾಣದ ಕಪ್ಪೆಯನ್ನೇ ತೆಗೆದುಕೊಳ್ಳೋಣ. ಇದರ ತವರು ದಕ್ಷಿಣ ಅಮೆರಿಕದ ಸುರಿನಾಮ್, ಗಯಾನಾ, ಫ್ರೆಂಚ್ ಗಯಾನಾಗಳ ಮಳೆಕಾಡು. ಕಪ್ಪು ಮೈ ಮೇಲೆ ಹಳದಿ ಪಟ್ಟೆ ಇರುವುದು, ಇಡೀ ಮೈ ನೀಲಿಯಾಗಿ ಹೊಳೆಯುವುದು, ಹೀಗೆ ಬಗೆಬಗೆಯ ಬಣ್ಣಗಳಿವೆ. ಹೆಸರಿಗೆ ಹೆದರಬೇಕಿಲ್ಲ. ಇದರ ಚರ್ಮದ ವಿಷ ಕಾಡಿನಲ್ಲಿ ತಿನ್ನುವ ಇರುವೆ, ನುಸಿಗಳಿಂದ ಬಂದದ್ದು. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ ಹಣ್ಣುನೊಣ ತಿಂದು ಬೆಳೆದ ಕಪ್ಪೆಗೆ ಆ ವಿಷವೇ ಇರುವುದಿಲ್ಲ.

ಕಾಡಿನಲ್ಲಿ ಮರಿಗಳ ಚಾಕರಿ ಅಪ್ಪನದು. ಒದ್ದೆ ತರಗೆಲೆಯ ಮೇಲಿಟ್ಟ ಮೊಟ್ಟೆ ಒಡೆದ ಮೇಲೆ ಗೊದಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಮರದ ಪೊಟರೆಗಳಲ್ಲಿ ನಿಂತ ನೀರಿಗೆ ಬಿಟ್ಟುಬರುತ್ತದೆ. (ಅಪ್ಪನ ಕಾಳಜಿಗೆ ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉತ್ತರ ಕನ್ನಡದ ಕಾಡಿನಲ್ಲಿ ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತಿ ಕಾಪಾಡುವ ಕುಂಬಾರ ಕಪ್ಪೆಯಿದೆ. 2014ರಲ್ಲಿ ಹೊಸ ಪ್ರಭೇದವೆಂದು ಅದನ್ನು ವಿವರಿಸಿದವರು ಕೆ.ವಿ. ಗುರುರಾಜ ಮತ್ತು ಸಂಗಡಿಗರು.) ಟಿಂಕ್ಟೋರಿಯಸ್ ಗೊದಮೊಟ್ಟೆಗಳು ಒಂದನ್ನೊಂದು ತಿನ್ನುತ್ತವೆ. ಆದ್ದರಿಂದ ಸಾಕುವವರು ಒಂದೊಂದನ್ನು ಒಂದೊಂದು ಲೋಟದಲ್ಲಿ ಇಡುತ್ತಾರೆ. ತಳದಲ್ಲಿ ಒಂದು ಒಣಗಿದ ಬಾದಾಮಿ ಎಲೆ. ನಮ್ಮ ರಸ್ತೆ ಬದಿಯಲ್ಲಿ ನೆರಳಿಗೆಂದು ನೆಟ್ಟ ಕಾಡುಬಾದಾಮಿ ಮರದ್ದೇ. ಟ್ಯಾನಿನ್ ಬಿಟ್ಟುಕೊಂಡು ನೀರನ್ನು ಚಹಾದ ಬಣ್ಣಕ್ಕೆ ತಿರುಗಿಸುವ ಈ ಎಲೆ ದೂರದೇಶದ ಹವ್ಯಾಸಿಗಳಿಗೆ ದುಡ್ಡು ಕೊಟ್ಟು ಕೊಳ್ಳುವ ಸರಕು.

ಇನ್ನು ನೀರಿನ ವಿಷಯ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅಪಾಯ ಎಂದು ಎಲ್ಲರಿಗೂ ಗೊತ್ತು. ಆರ್‌ಓ ನೀರು ಶುದ್ಧ, ಆದ್ದರಿಂದ ಒಳ್ಳೆಯದು ಎಂಬುದು ಮಾತ್ರ ತಪ್ಪು ಲೆಕ್ಕ. ಆ ಯಂತ್ರ ಕೊಳೆಯ ಜೊತೆಗೆ ಖನಿಜಗಳನ್ನೂ ಸೋಸಿ ಹಾಕುತ್ತದೆ. ಶಿಲೀಂಧ್ರ ರೋಗದಿಂದ ಕಾಡಿನಲ್ಲಿ ಅಳಿಯುತ್ತಿರುವ ಕಪ್ಪೆಗಳನ್ನು ಪನಾಮಾ ದೇಶದ ಸಂರಕ್ಷಣಾ ಕೇಂದ್ರದಲ್ಲಿ ಸಾಕಿ ಮರಿ ಮಾಡಿಸುತ್ತಾರೆ. ಅಲ್ಲಿಯೂ ಕಡ್ಡಿಕಾಲಿನ ಮರಿಗಳು ಹುಟ್ಟಿ ತಲೆನೋವಾಗಿತ್ತು. ಅಟೆಲೋಪಸ್ ವೇರಿಯಸ್ ಎಂಬ ಕಪ್ಪೆಯ ಮೇಲೆ ನಡೆಸಿದ ಪ್ರಯೋಗಗಳ ವರದಿ 2020ರಲ್ಲಿ ಪ್ರಕಟವಾಯಿತು. ನೀರಿನಲ್ಲಿ ಸಿಗುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿಗೂ ಈ ಊನಕ್ಕೂ ನಂಟಿದೆ ಎಂದು ಅದು ತೋರಿಸಿತು. ಇದೊಂದೇ ಕಾರಣವೆಂದು ಹೇಳಲಾಗದು. ಆದರೂ ಖನಿಜವಿಲ್ಲದ ನೀರಿನಲ್ಲಿ ಮೂಳೆ ಕಟ್ಟಬೇಕಾದ ಮರಿಯ ಪಾಡು ಊಹಿಸಬಹುದು.

ಊನ ಮೊದಲೇ ಕಾಣುವುದಿಲ್ಲ ಎಂಬುದು ಇದರಲ್ಲಿ ಅತಿ ಕೆಟ್ಟ ಸಂಗತಿ. ಹಿಂಗಾಲುಗಳು ಹೊರಗೇ ಮೊಳೆತು ದಿನದಿನಕ್ಕೂ ಉದ್ದವಾಗುವುದನ್ನು ಕಣ್ಣಾರೆ ನೋಡಬಹುದು. ಮುಂಗಾಲು ಹಾಗಲ್ಲ. ಅದು ಕಿವಿರಿನ ಕೋಣೆಯೊಳಗೆ, ಚರ್ಮದ ಮರೆಯಲ್ಲಿ ಬೆಳೆಯುತ್ತಿರುತ್ತದೆ. ಕೊನೆಯಲ್ಲಿ ಮೊಣಕೈಯ ಉಬ್ಬು ಚರ್ಮದ ಕೆಳಗೆ ಒತ್ತಿ ನಿಲ್ಲುತ್ತದೆ. ಆಮೇಲೊಂದು ದಿನ ಚರ್ಮ ಹರಿದು ಕೈ ಸರಕ್ಕನೆ ಹೊರಬೀಳುತ್ತದೆ. ಇನ್ನೊಂದು ಕೈಯೂ ಹೆಚ್ಚು ತಡಮಾಡುವುದಿಲ್ಲ. ಗಟ್ಟಿಯೋ ಕಡ್ಡಿಯೋ ತಿಳಿಯುವುದು ಆಗಲೇ. ಕಡ್ಡಿಯಾಗಿದ್ದರೆ ಔಷಧವಿಲ್ಲ.

ಗೊದಮೊಟ್ಟೆ ಕಪ್ಪೆಯಾಗುವ ಈ ಬದಲಾವಣೆಗೆ ಚಾಲನೆ ಕೊಡುವುದು ಥೈರಾಯ್ಡ್ ಹಾರ್ಮೋನು. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ಗ್ರಂಥಿ ತಿನ್ನಿಸಿದ. ಅವು ಬೆಳೆಯುವುದನ್ನು ಬಿಟ್ಟು ಅವಧಿಗೆ ಮುಂಚೆಯೇ ಕುಬ್ಜ ಕಪ್ಪೆಗಳಾದವು. ಕೆಲವೇ ವರ್ಷಗಳಲ್ಲಿ ಬೆನೆಟ್ ಅಲೆನ್ ಇದರ ಉಲ್ಟಾ ಮಾಡಿ ನೋಡಿದ. ಗ್ರಂಥಿಯನ್ನೇ ತೆಗೆದ ಗೊದಮೊಟ್ಟೆಗಳು ಕಪ್ಪೆಯಾಗದೆ ದೈತ್ಯ ಗೊದಮೊಟ್ಟೆಗಳಾಗಿ ಬೆಳೆದವು. ಮುಂಬೈಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಸಂಶೋಧನೆ ಮಾಡಿದ ಜಮ್ಶೇದ್ ಟಾಟಾ 1966ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕತ್ತರಿಸಿ ತಟ್ಟೆಯಲ್ಲಿಟ್ಟ ಬಾಲ ಕೂಡ ಈ ಹಾರ್ಮೋನು ಸೋಕಿದರೆ ಕರಗುತ್ತದೆ. ಆದರೆ ಜೀವಕೋಶಗಳು ಹೊಸ ಪ್ರೋಟೀನು ತಯಾರಿಸದಂತೆ ತಡೆದರೆ ಕರಗುವುದಿಲ್ಲ. ಅಂದರೆ ಬಾಲ ಸುಮ್ಮನೆ ಕೊಳೆತು ಉದುರುವುದಲ್ಲ, ತನ್ನ ನಾಶಕ್ಕೆ ಬೇಕಾದ ಸಾಮಗ್ರಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ದೇಹದ ಅಂಟುನಾರು ಕೊಲಾಜೆನ್ನನ್ನು ಕತ್ತರಿಸುವ ಕಿಣ್ವ ಪ್ರಾಣಿಗಳಲ್ಲಿ 1962ರಲ್ಲಿ ಮೊದಲು ಸಿಕ್ಕಿದ್ದೂ ಇಂಥ ಬಾಲದಲ್ಲೇ. ಸಂಧಿವಾತದಲ್ಲಿ ಕೀಲು ಸವೆಯುವುದನ್ನು ಅಭ್ಯಾಸ ಮಾಡುವವರು ಇಂದಿಗೂ ಅದೇ ಕಿಣ್ವಕುಟುಂಬದ ಬೆನ್ನು ಹತ್ತಿದ್ದಾರೆ.

ಬಾಲವೊಂದೇ ಅಲ್ಲ, ಒಳಗೆಲ್ಲ ಕೆಡವಿ ಕಟ್ಟುವ ಕೆಲಸ ನಡೆದಿರುತ್ತದೆ. ಸುರುಳಿ ಸುತ್ತಿದ ಉದ್ದ ಕರುಳು ಮೋಟಾಗುತ್ತದೆ. ಕಿವಿರು ಹೋಗಿ ಶ್ವಾಸಕೋಶವೇ ಗತಿಯಾಗುತ್ತದೆ. ಬಾಯಿ ಅಗಲವಾಗುತ್ತದೆ. ಮರಿ ಮುಳುಗಿ ಸಾಯುವುದು ಕಿವಿರು ಹೋದ ಕಾರಣಕ್ಕೆ. ಹಾಗಾಗಿ ಮುಂಗಾಲು ಕಂಡ ದಿನವೇ ಲೋಟವನ್ನು ಓರೆ ಮಾಡಿ, ಒಂದು ಬದಿಯಲ್ಲಿ ಮಾತ್ರ ಬೆರಳು ಅದ್ದುವಷ್ಟು ನೀರು ಉಳಿಸಿ, ಇನ್ನೊಂದು ಬದಿಗೆ ಒದ್ದೆ ಪಾಚಿ ಹಾಸಬೇಕು. ತೂತಿನ ಮುಚ್ಚಳ ಮರೆಯಬಾರದು, ಮರಿಗಳು ಗಾಜು ಹತ್ತುತ್ತವೆ. ಈ ವಾರ ಊಟ ಹಾಕಬಾರದು. ಕರುಳು ರಿಪೇರಿಯಲ್ಲಿದೆ, ಕರಗುತ್ತಿರುವ ಬಾಲವೇ ಅದಕ್ಕೆ ಬುತ್ತಿ. ಪಾಪ, ಹಸಿದಿರಬೇಕು ಎಂದು ಹಾಕಿದ ಆಹಾರ ನೀರು ಕೆಡಿಸುತ್ತದೆ, ಅಷ್ಟೇ. ಬೇಗ ಕಪ್ಪೆಯಾಗಲಿ ಎಂದು ನೀರು ಬಿಸಿ ಮಾಡುವುದೂ ಬೇಡ. ಬೆಚ್ಚಗಿನ ನೀರಿನಲ್ಲಿ ರೂಪಾಂತರ ಬೇಗ ಮುಗಿಯುತ್ತದೆ ನಿಜ, ಆದರೆ ಮರಿ ಸಣ್ಣದಾಗುತ್ತದೆ.

ಬಾಲ ಚುಕ್ಕೆಯಷ್ಟಾದ ಮೇಲೆ ಮೊದಲ ಬೇಟೆ. ಮಣ್ಣಿನಲ್ಲಿ ಜಿಗಿಯುವ, ಸಾಸಿವೆಗಿಂತ ಸಣ್ಣ ಬಿಳಿ ಕೀಟಗಳು ಆಗ ಸರಿ. ಹಾರಲಾರದ ತಳಿಯ ಹಣ್ಣುನೊಣ ಆಮೇಲೆ. ನೊಣದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಬರೀ ಅದನ್ನೇ ತಿನ್ನಿಸಿದರೆ ನೀರಿನಲ್ಲಿ ಗಟ್ಟಿಯಾಗಿದ್ದ ಮೂಳೆಯೂ ಮೆತ್ತಗಾಗುತ್ತದೆ. ಕ್ಯಾಲ್ಸಿಯಂ ಮತ್ತು ಡಿ3 ಇರುವ ನುಣ್ಣನೆಯ ಪುಡಿಯಲ್ಲಿ ನೊಣಗಳನ್ನು ಹೊರಳಾಡಿಸಿ ಕೊಡುವುದು ಅದಕ್ಕೇ. ಎ ಜೀವಸತ್ವವನ್ನೂ ಮರೆಯುವಂತಿಲ್ಲ.

ಮಳೆಗಾಲದ ಹೊಂಡದಿಂದ ಹಿಡಿದುತಂದ ಗೊದಮೊಟ್ಟೆಗೆ ಈ ಪಾಠ ಬೇಕಿಲ್ಲ, ಅದನ್ನು ಹೊಂಡದಲ್ಲೇ ಬಿಡಿ. ಸಾಕಿದ ಪರದೇಶದ ಕಪ್ಪೆಯನ್ನು ಎಂದೂ ಕೆರೆಗೆ ಬಿಡಬೇಡಿ, ರೋಗ ಹರಡುತ್ತದೆ. ವಿಷಬಾಣದ ಕಪ್ಪೆಗಳು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಭಾರತದಲ್ಲಿ ಆ ಪಟ್ಟಿಗಳ ಪ್ರಾಣಿ ಸಾಕುವವರು 2024ರ ನಿಯಮಗಳಂತೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಇಷ್ಟಾದ ಮೇಲೂ ಕೊಳ್ಳುವವರಿದ್ದರೆ, ಈಗಷ್ಟೇ ಬಾಲ ಕಳೆದುಕೊಂಡ ಮರಿಯನ್ನು ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ. ಎರಡು-ಮೂರು ತಿಂಗಳು ತಾನೇ ಬೇಟೆಯಾಡಿ ತಿಂದ ಮರಿಯನ್ನು ಕೇಳಿ. ಮುಂಗಾಲು ಊರಿ ಎದೆ ಎತ್ತಿ ಕೂರುತ್ತದೆಯೇ ನೋಡಿ. ನಿಮ್ಮ ಎದುರಿಗೇ ಒಂದು ನೊಣ ಹಿಡಿಯಲಿ, ಆಮೇಲೆ ದುಡ್ಡು ಕೊಡಿ.