ಗೀರು ಬೇರೆ, ಉಬ್ಬುಗೆರೆ ಬೇರೆ

ಪೀಣ್ಯದ ಪ್ರೆಸ್ ಶಾಪ್‌ನಲ್ಲಿ ವರ್ಷಗಟ್ಟಲೆ ದುಡಿದ ಟೂಲ್ ಮೇಕರ್ ಕೈಗೆ ವಿಚಿತ್ರವಾಗಿ ಕಾಣುವ ಹಳೆಯ ನಾಣ್ಯವೊಂದನ್ನು ಕೊಟ್ಟು ನೋಡಿ. ಅದರ ಬೆಲೆ ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಎಡವಟ್ಟು ಯಾವ ಹಂತದಲ್ಲಿ ಆಯಿತು ಎನ್ನುವುದನ್ನು ನಾಣ್ಯಸಂಗ್ರಾಹಕರಿಗಿಂತ ಬೇಗ ಊಹಿಸಿಯಾರು. ವಾಷರ್ ಕತ್ತರಿಸುವ ಕಸುಬಿಗೂ ರೂಪಾಯಿ ಅಚ್ಚು ಹಾಕುವ ಕಸುಬಿಗೂ ಅಷ್ಟು ಹತ್ತಿರದ ನಂಟು.

ಟಂಕಸಾಲೆಯ ಕೆಲಸ ಹೀಗೆ ಸಾಗುತ್ತದೆ. ಲೋಹದ ಪಟ್ಟಿಯನ್ನು ಬೇಕಾದ ದಪ್ಪಕ್ಕೆ ಉರುಳೆಯಲ್ಲಿ ಲಟ್ಟಿಸುತ್ತಾರೆ. ಅದರಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಕುಲುಮೆಯಲ್ಲಿ ಕಾಯಿಸಿ ಮೆದು ಮಾಡುತ್ತಾರೆ. ಅಂಚನ್ನು ಒತ್ತಿ ತುಸು ಎತ್ತರಿಸುತ್ತಾರೆ. ಕೊನೆಗೆ ಬಿಲ್ಲೆಯನ್ನು ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂರಿಸಿ, ಮೇಲೊಂದು ಕೆಳಗೊಂದು ಅಚ್ಚು ಇಟ್ಟು ಒಂದೇ ಏಟಿಗೆ ಒತ್ತುತ್ತಾರೆ. ಹೊರಕ್ಕೆ ಹರಿಯಲು ಜಾಗವಿಲ್ಲದ ಲೋಹ ಅಚ್ಚಿನ ಪ್ರತಿ ಗುಳಿಯೊಳಕ್ಕೂ ಏರುತ್ತದೆ. ಅಚ್ಚಿನಲ್ಲಿ ತಗ್ಗಾಗಿದ್ದದ್ದು ನಾಣ್ಯದಲ್ಲಿ ಉಬ್ಬಾಗುತ್ತದೆ.

ಈ ಕೊನೆಯ ಮಾತು ಮನಸ್ಸಿನಲ್ಲಿ ಕೂತರೆ ಅರ್ಧ ಕೆಲಸ ಮುಗಿದಂತೆ. ಲಕ್ಷಾಂತರ ಏಟು ತಿಂದ ಅಚ್ಚು ಒಂದು ದಿನ ಬಿರುಕು ಬಿಡುತ್ತದೆ. ಲೋಹ ಆ ಬಿರುಕಿನೊಳಗೂ ನುಗ್ಗುವುದರಿಂದ ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಮೂಡುತ್ತದೆ. ಅಚ್ಚಿನ ಅಂಚೇ ಮುರಿದು ಬಿದ್ದರೆ ನಾಣ್ಯದ ಅಂಚಿನಲ್ಲಿ ಅಷ್ಟಗಲಕ್ಕೆ ಬೋಳು ಗಡ್ಡೆ. ಕಲ್ಲಿಗೆ ಉಜ್ಜಿ, ಮೊಳೆಯಿಂದ ಗೀರಿ ಇಂಥ ಉಬ್ಬುಗೆರೆ ಮಾಡಲಾಗದು; ಗೀರು ಯಾವಾಗಲೂ ತಗ್ಗು, ಅದರ ಇಕ್ಕೆಲದಲ್ಲಿ ಲೋಹ ಬದಿಗೆ ಸರಿದ ಗುರುತು ಇರುತ್ತದೆ. ಹಾಗೆಂದು ತಗ್ಗಿದ್ದದ್ದೆಲ್ಲ ಬೀದಿಯ ಪೆಟ್ಟಲ್ಲ. ಅಚ್ಚಿಗೂ ಬಿಲ್ಲೆಗೂ ನಡುವೆ ದಾರವೋ ಲೋಹದ ಚೂರೋ ಸಿಕ್ಕಿಕೊಂಡರೆ ಅದರ ಆಕಾರ ನಾಣ್ಯದಲ್ಲಿ ಒಳಕ್ಕೆ ಒತ್ತಿಕೊಳ್ಳುತ್ತದೆ.

ಇದರ ಅತಿರೇಕವನ್ನು ನಮ್ಮ ಸಂಗ್ರಾಹಕರು ‘ಲಖಿ’ ನಾಣ್ಯ ಎನ್ನುತ್ತಾರೆ. ಅಚ್ಚಾದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೇ ಅಂಟಿಕೊಂಡಿತು ಅನ್ನಿ. ಮುಂದಿನ ಬಿಲ್ಲೆಗೆ ಆ ಕಡೆಯಿಂದ ಏಟು ಕೊಡುವುದು ಅಚ್ಚಲ್ಲ, ಆ ನಾಣ್ಯ. ಹೀಗಾಗಿ ಒಂದು ಬದಿ ಸರಿಯಾಗಿ ಉಬ್ಬಿ, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಒಳಗಿಳಿದಿರುತ್ತದೆ. ತಪ್ಪು ನಾಣ್ಯಗಳ ಪೈಕಿ ನನಗೆ ಬಲು ಇಷ್ಟವಾದದ್ದು ಇದೇ.

ಅಂಚಿನಲ್ಲಿ ಬಿಲ್ಲಿನಾಕಾರದಲ್ಲಿ ಕಚ್ಚಿ ತೆಗೆದಂತಿರುವ ನಾಣ್ಯದ ಕಾರಣ ಅಡುಗೆಮನೆಯಲ್ಲೇ ಸಿಗುತ್ತದೆ. ಲಟ್ಟಿಸಿದ ಹಿಟ್ಟಿನಿಂದ ಬಟ್ಟಲ ಬಾಯಲ್ಲಿ ದುಂಡಗೆ ಒತ್ತಿ ತೆಗೆಯುವಾಗ ಹಿಂದಿನ ತೂತಿನ ಮೇಲೆ ಬಟ್ಟಲು ಬಿದ್ದರೆ ಆಗುವುದೂ ಹೀಗೆಯೇ. ಅರದಿಂದ ಉಜ್ಜಿ ಇಂಥ ಕಚ್ಚು ಮಾಡುವವರೂ ಇದ್ದಾರೆ. ಅಸಲಿಯೋ ಎಂದು ತಿಳಿಯಲು ಕಚ್ಚನ್ನು ಬಿಟ್ಟು ಅದರ ಎದುರಿನ ಅಂಚನ್ನು ನೋಡಬೇಕು. ಅಂಚು ಎತ್ತರಿಸುವ ಯಂತ್ರಕ್ಕೆ ಕಚ್ಚಿನ ಕಡೆ ಒತ್ತಲು ಲೋಹವಿಲ್ಲ. ಎದುರು ಬದಿಗೂ ಒತ್ತಡ ಸಾಲದೆ ಅಲ್ಲಿನ ಅಂಚು ಮಸುಕಾಗಿರುತ್ತದೆ. ಅರ ಹಿಡಿದವರಿಗೆ ಇಷ್ಟೆಲ್ಲ ನೆನಪಿರುವುದು ಕಷ್ಟ.

ಇವೆಲ್ಲ ಆಕಸ್ಮಿಕ. ಟಂಕಸಾಲೆಯ ಮುದ್ರೆ ಹಾಗಲ್ಲ, ಅದು ಬೇಕೆಂದೇ ಹಾಕಿದ ಸಹಿ. ತೂಕದಲ್ಲೋ ಲೋಹದಲ್ಲೋ ಕೊರತೆ ಕಂಡರೆ ಯಾವ ಮನೆಯನ್ನು ಕೇಳಬೇಕೆಂದು ಗೊತ್ತಾಗಲೆಂದು ಹುಟ್ಟಿದ ಪದ್ಧತಿ. ಇಂದಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ನೋಡಿ: ವಜ್ರದಾಕಾರವಿದ್ದರೆ ಮುಂಬೈ, ಐದು ಮೂಲೆಯ ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಚಿಲ್ಲರೆಯ ಅಭಾವದಿಂದ ಹೊರದೇಶಗಳಲ್ಲಿ ಅಚ್ಚು ಹಾಕಿಸಿದ್ದೂ ಉಂಟು. 1985ರ ಒಂದು ರೂಪಾಯಿಯಲ್ಲಿ ‘ಎಚ್’ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಕಾರ್ಖಾನೆಯದು.

ಎಡವುವುದು ಇಲ್ಲಿಯೇ. ಸವೆದ ವಜ್ರ ಚುಕ್ಕೆಯಂತೆ ಕಾಣುತ್ತದೆ. ಆದರೆ ನೊಯ್ಡಾ ಟಂಕಸಾಲೆ ಶುರುವಾದದ್ದು 1988ರಲ್ಲಿ. ಅದಕ್ಕೆ ಮೊದಲಿನ ಇಸವಿಯ ಕೆಳಗೆ ಚುಕ್ಕೆ ಕಂಡರೆ ಅದು ನೊಯ್ಡಾದ್ದಲ್ಲ. ಅಚ್ಚಿನ ಪುಟ್ಟ ಗುಳಿಯಲ್ಲಿ ಗ್ರೀಸು, ಧೂಳು ತುಂಬಿಕೊಂಡರೆ ನಕ್ಷತ್ರವೇ ಮೂಡದೆ ಹೈದರಾಬಾದಿನ ನಾಣ್ಯ ಕೋಲ್ಕತ್ತಾದ ವೇಷ ಹಾಕುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ನಕ್ಷತ್ರದ ಒಂದೆರಡು ಮೂಲೆಯಾದರೂ ನೆರಳಿನಲ್ಲಿ ಕಂಡೀತು.

ಕಾಲರ್ ಇಲ್ಲದ ಕಾಲದ ನಾಣ್ಯಕ್ಕೆ ಈ ನಿಯಮಗಳನ್ನು ಹೇರಬಾರದು. ಪೀಣ್ಯದ ಪಕ್ಕದ ಯಶವಂತಪುರದಲ್ಲಿ 1891ರಲ್ಲಿ ನೆಲ ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ವೈಟ್‌ಫೀಲ್ಡ್ ಕಡೆಯ ದಾರಿಯಲ್ಲಿ, ಎಚ್‌ಎಎಲ್ ಪ್ರದೇಶದಲ್ಲಿ ಇನ್ನೂ 256. ರೋಮನ್ನರ ನಾಣ್ಯಗಳು ಸುತ್ತಿಗೆಯ ಏಟಿಗೆ ಹುಟ್ಟಿದವು. ಚಿತ್ರ ಒಂದು ಬದಿಗೆ ಸರಿದಿರುವುದು, ಅಕ್ಷರ ಅಂಚಿನಾಚೆ ಹೋಗಿರುವುದು ಅಲ್ಲಿ ಸಾಮಾನ್ಯ ಸಂಗತಿ. ‘ತಪ್ಪು’ ಎಂದು ಹೆಚ್ಚು ಬೆಲೆ ಕೇಳುವುದಕ್ಕೆ ಅರ್ಥವಿಲ್ಲ.

ಟಿಪ್ಪು ಸುಲ್ತಾನನ ನಾಣ್ಯಗಳು ಇನ್ನೂ ಸ್ವಾರಸ್ಯದವು. ಅವನ ಕಾಲದಲ್ಲಿ ಅಚ್ಚಿನ ಊರಿನ ಹೆಸರನ್ನೇ ಪಾರಸಿ ಲಿಪಿಯಲ್ಲಿ ಬರೆಸುತ್ತಿದ್ದರು: ಶ್ರೀರಂಗಪಟ್ಟಣಕ್ಕೆ ಪಟನ್, ಬಿದನೂರಿಗೆ ನಗರ; ಬೆಂಗಳೂರಿನ ಹೆಸರು ಹೊತ್ತ ತಾಮ್ರದ ಕಾಸುಗಳೂ ಇವೆ. ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯನ್ನು ಬಲದಿಂದ ಎಡಕ್ಕೆ ಬರೆಸಿದ್ದರಿಂದ 1216 ಎಂಬುದು ನಮ್ಮ ಕಣ್ಣಿಗೆ 6121 ಆಗುತ್ತದೆ. ಅಚ್ಚು ಕೊರೆಯುವವನು ಎಡವಿದನೆಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಸರ್ಕಾರಿ ಪದ್ಧತಿ. 1221ನೇ ವರ್ಷಕ್ಕೆ ಮಾತ್ರ ಈ ಗೊಂದಲವಿಲ್ಲ, ಎರಡೂ ಕಡೆಯಿಂದ ಒಂದೇ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1833ರಲ್ಲಿ, ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಬಂತು. ಹತ್ತೇ ವರ್ಷಕ್ಕೆ, 1843ರಲ್ಲಿ, ಮುಚ್ಚಿತು.

ವಿನ್ಯಾಸ ಬದಲಾದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂಬುದಕ್ಕೆ ಹತ್ತು ರೂಪಾಯಿಯೇ ಸಾಕ್ಷಿ. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಎಂಬ ಪುಕಾರು ಹಬ್ಬಿ ಅಂಗಡಿಯವರು ತೆಗೆದುಕೊಳ್ಳದೇ ಇದ್ದಾಗ, 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 14 ವಿನ್ಯಾಸಗಳೂ ಚಲಾವಣೆಗೆ ಸಲ್ಲುತ್ತವೆ ಎಂದು ಸ್ಪಷ್ಟಪಡಿಸಬೇಕಾಯಿತು.

ಮನೆಯ ಹಳೆಯ ಡಬ್ಬಿಯಲ್ಲಿ ವಿಚಿತ್ರ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಮೇಲ್ಮೈಯ ಗುರುತು ಹೋಗುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, ಅದೇ ವರ್ಷದ ಸರಿಯಾದ ನಾಣ್ಯದ ಪಕ್ಕ ಇಟ್ಟು ನೋಡಿ. ಯೂಟ್ಯೂಬಿನಲ್ಲಿ ಲಕ್ಷ ಲಕ್ಷ ಕೊಡುತ್ತೇವೆಂದು ಹೇಳಿ ಮೊದಲು ನೋಂದಣಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರಕ್ಕೆ ತಾನು ಶುಲ್ಕ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.